ಎಚ್ಚರಿಸಿದರು ಎಂದ ಮಾತ್ರಕ್ಕೆ ನಂಬಬೇಡ

ಮಗಳೇ,

ಸಿ ಭಾಷೆಯಲ್ಲಿ ಒಂದು ಮೆಸೇಜ್ ಕ್ಯೂ ಬರೆದುಕೊಡು, ಹತ್ತಾರು ಥ್ರೆಡ್‌ಗಳು ಒಟ್ಟಿಗೆ ಬಳಸಿದರೂ ಅದು ಕೆಡಬಾರದು ಎಂದು ನಿನಗೆ ಕೆಲಸ ಒಪ್ಪಿಸಿದ್ದಾರಂತೆ. ಅದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡ. ಸಾಲುಗಳ ಲೆಕ್ಕದಲ್ಲಿ ಸಣ್ಣದೇ, ಇನ್ನೂರು ಸಾಲಿನೊಳಗೆ ಮುಗಿಯುತ್ತದೆ. ಆದರೆ ನಿಮ್ಮ ಇಡೀ ಪ್ರೋಗ್ರಾಂ ಆ ಇನ್ನೂರು ಸಾಲಿನ ಮೇಲೆ ನಿಂತಿರುತ್ತದೆ. ನೆಟ್‌ವರ್ಕಿನಿಂದ ಓದುವ ಥ್ರೆಡ್, ಡಿಸ್ಕಿಗೆ ಬರೆಯುವ ಥ್ರೆಡ್, ನಡುವೆ ಲೆಕ್ಕ ಮಾಡುವ ಥ್ರೆಡ್‌ಗಳು, ಎಲ್ಲವೂ ಒಂದಕ್ಕೊಂದು ಮಾತಾಡುವುದು ಅದರ ಮೂಲಕವೇ. ಅದು ಸರಿ ಇದ್ದಷ್ಟು ಕಾಲ ಯಾರೂ ಅದರ ಹೆಸರೆತ್ತುವುದಿಲ್ಲ. ತಪ್ಪಿದ್ದರೂ ತಪ್ಪು ಅಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಬೇರೆಲ್ಲೋ ಮೆಮೊರಿ ಕೆಟ್ಟಿರುತ್ತದೆ, ಬೇರೆ ಯಾರೋ ವಾರಗಟ್ಟಲೆ ತಮ್ಮ ಕೋಡನ್ನೇ ಜಾಲಾಡುತ್ತಾ ಕೂತಿರುತ್ತಾರೆ.

ಮುಖ್ಯವಾಗಿ ನಾನು ನಿನಗೆ ಹೇಳಬೇಕಾದ್ದು ಒಂದು ಮಾತು. ಥ್ರೆಡ್‌ಗಳ ಕೋಡನ್ನು ಓಡಿಸಿ ನೋಡಿ ಸರಿ ಎಂದು ತೀರ್ಮಾನಿಸಲು ಬರುವುದಿಲ್ಲ. ಅದು ಯಾಕೆ ಸರಿ ಎಂದು ನೀನು ಬಾಯಿಮಾತಿನಲ್ಲಿ ವಾದಿಸಿ ತೋರಿಸಬೇಕು. ಕಾಲೇಜಿನಲ್ಲಿ ನೀನು ಬರೆದ ಪ್ರೋಗ್ರಾಂಗಳು ಒಂದೇ ಇನ್‌ಪುಟ್‌ಗೆ ಸದಾ ಒಂದೇ ಉತ್ತರ ಕೊಡುತ್ತಿದ್ದವು. ಇಲ್ಲಿ ಹಾಗಲ್ಲ. ಎಣಿಕೆಯನ್ನು ಒಂದು ಹೆಚ್ಚಿಸುವ ಒಂದೇ ಒಂದು ಸಾಲನ್ನು ತೆಗೆದುಕೋ. ಪ್ರೊಸೆಸರ್ ಮೆಮೊರಿಯಿಂದ ಹಳೆಯ ಬೆಲೆಯನ್ನು ತರುತ್ತದೆ, ಒಂದು ಕೂಡಿಸುತ್ತದೆ, ಮತ್ತೆ ಮೆಮೊರಿಗೆ ಬರೆಯುತ್ತದೆ. ಎರಡು ಥ್ರೆಡ್‌ಗಳೂ 5 ಎಂದು ಓದಿಕೊಂಡು ಎರಡೂ 6 ಎಂದು ಬರೆದರೆ, ಬಂದದ್ದು ಎರಡು ಸಂದೇಶ, ಲೆಕ್ಕಕ್ಕೆ ಸೇರಿದ್ದು ಒಂದು. ಹೀಗಾಗುವುದು ಲಕ್ಷ ಸಲಕ್ಕೊಮ್ಮೆ ಇರಬಹುದು, ಕೋಟಿ ಸಲಕ್ಕೊಮ್ಮೆ ಇರಬಹುದು. ನಿನ್ನ ಮೇಜಿನ ಮೇಲಿನ ಯಂತ್ರದಲ್ಲಿ ಅದು ಎಂದೂ ಕಾಣಿಸಿಕೊಳ್ಳದೆ, ಗ್ರಾಹಕರ ಮೂವತ್ತೆರಡು ಕೋರ್‌ಗಳ ಯಂತ್ರದಲ್ಲಿ ಮೊದಲ ದಿನವೇ ಕಾಣಿಸಬಹುದು. ಡೀಬಗರ್ ಹಚ್ಚಿದರೆ, ಒಂದು ಪ್ರಿಂಟ್ ಸೇರಿಸಿದರೆ, ವೇಗ ಬದಲಾಗಿ ಮಾಯವೂ ಆಗಬಹುದು.

ಇದರ ಬಗ್ಗೆ ನಿನಗೆ ಒಂದು ನಿಜವಾದ ಪ್ರಸಂಗ ಹೇಳಬೇಕು. ಅದರ ನಡುಮಧ್ಯೆ ಇದ್ದದ್ದು ನೀನು ಬರೆಯಹೊರಟಿರುವಂಥದೇ ಒಂದು ಕ್ಯೂ.

1997ರ ಜುಲೈ 4ರಂದು ನಾಸಾದ ಮಾರ್ಸ್ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಸೋಜರ್ನರ್ ಎಂಬ ಪುಟ್ಟ ರೋವರ್ ಅದರೊಳಗಿಂದ ಹೊರಬಂದು ಓಡಾಡಿತು, ಚಿತ್ರಗಳು ಬಂದವು, ಜಗತ್ತೆಲ್ಲ ನೋಡಿತು. ಆಮೇಲೆ ಕೆಲವು ದಿನಗಳಲ್ಲಿ, ಹವಾಮಾನದ ಮಾಹಿತಿ ಸಂಗ್ರಹ ಶುರುವಾದ ಬೆನ್ನಿಗೆ, ನೌಕೆಯ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ರಿಸೆಟ್ ಆಗತೊಡಗಿತು. ಪ್ರತಿ ರಿಸೆಟ್‌ಗೂ ಆ ದಿನ ಉಳಿದಿದ್ದ ಕೆಲಸ ಮುಂದಕ್ಕೆ ಹೋಗುತ್ತಿತ್ತು.

ನೌಕೆಯಲ್ಲಿ ಓಡುತ್ತಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಪ್ರತಿ ಟಾಸ್ಕಿಗೂ ಒಂದು ಪ್ರಾಧಾನ್ಯ ಇರುತ್ತದೆ, ಹೆಚ್ಚಿನದು ಬಂದರೆ ಕಡಿಮೆಯದು ಪಕ್ಕಕ್ಕೆ ಸರಿಯಬೇಕು. ನೌಕೆಯ ಡೇಟಾ ಬಸ್ಸಿನಿಂದ ಬಂದದ್ದನ್ನು ಹಂಚುವ ಟಾಸ್ಕಿಗೆ ಪ್ರಾಧಾನ್ಯ ಬಹಳ ಹೆಚ್ಚು, ಹವಾಮಾನ ಉಪಕರಣದ ಟಾಸ್ಕಿಗೆ ಬಹಳ ಕಡಿಮೆ. ಇತರ ಟಾಸ್ಕ್‌ಗಳಲ್ಲಿ ಹೆಚ್ಚಿನವು ಹಂಚಿಕೆಯ ಮೆಮೊರಿಯಿಂದ ತಮ್ಮ ಮಾಹಿತಿ ಓದಿಕೊಳ್ಳುತ್ತಿದ್ದರೆ, ಹವಾಮಾನದ ಟಾಸ್ಕಿಗೆ ಮಾತ್ರ ಮಾಹಿತಿ ಒಂದು ಪೈಪಿನ ಮೂಲಕ, ಅಂದರೆ ಸಂದೇಶಗಳ ಕ್ಯೂ ಮೂಲಕ, ಬರುತ್ತಿತ್ತು. ಸಂದೇಶ ಬಂದಿದೆಯೇ ಎಂದು ನೋಡಲು ಆ ಟಾಸ್ಕ್ ಸೆಲೆಕ್ಟ್ ಎಂಬ ಫಂಕ್ಷನ್ ಕರೆದಾಗ, ಒಳಗೆ ಒಂದು ಮ್ಯೂಟೆಕ್ಸ್, ಅಂದರೆ ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಲಾಕ್, ಹಿಡಿಯಬೇಕಾಗುತ್ತಿತ್ತು. ಒಮ್ಮೊಮ್ಮೆ ಅದನ್ನು ಹಿಡಿದುಕೊಂಡಿರುವಾಗಲೇ ಮಧ್ಯಮ ಪ್ರಾಧಾನ್ಯದ ಬೇರೆ ಟಾಸ್ಕ್‌ಗಳು ಎದ್ದು ಅದನ್ನು ಪಕ್ಕಕ್ಕೆ ತಳ್ಳಿಬಿಡುತ್ತಿದ್ದವು. ಅದೇ ಹೊತ್ತಿಗೆ ಹಂಚಿಕೆಯ ಟಾಸ್ಕ್ ಬಂದು ಅದೇ ಪೈಪಿಗೆ ಸಂದೇಶ ಹಾಕಲು ಹೋದರೆ ಮ್ಯೂಟೆಕ್ಸ್ ಸಿಗುತ್ತಿರಲಿಲ್ಲ. ಹಿಡಿದುಕೊಂಡವನಿಗೆ ಪ್ರೊಸೆಸರ್ ಸಿಗುತ್ತಿಲ್ಲ, ಹಾಗಾಗಿ ಬಿಡುವಂತಿಲ್ಲ. ಎಲ್ಲರಿಗಿಂತ ಮುಂದೆ ಹೋಗಬೇಕಾದವನು ಎಲ್ಲರಿಗಿಂತ ಹಿಂದೆ ಉಳಿದ. ಹಂಚಿಕೆ ಹೊತ್ತಿಗೆ ಮುಗಿದಿಲ್ಲ ಎಂದು ಕಂಡ ಮೇಲ್ವಿಚಾರಣೆಯ ಕೋಡು, ಏನೋ ದೊಡ್ಡ ತೊಂದರೆಯಾಗಿದೆ ಎಂದು ರಿಸೆಟ್ ಮಾಡಿಬಿಡುತ್ತಿತ್ತು.

ಇದಕ್ಕೆ ಪರಿಹಾರ ಆಗಲೇ ಗೊತ್ತಿತ್ತು. ಲೂಯಿ ಶಾ, ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಸ್ಕಿ 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದರು: ಕಾಯುತ್ತಿರುವವನ ಪ್ರಾಧಾನ್ಯವನ್ನು, ಮ್ಯೂಟೆಕ್ಸ್ ಹಿಡಿದಿರುವವನಿಗೆ ಅದನ್ನು ಬಿಡುವ ತನಕ ಕೊಡಬೇಕು. ವಿಎಕ್ಸ್‌ವರ್ಕ್ಸ್‌ನಲ್ಲೂ ಆ ಸೌಲಭ್ಯ ಇತ್ತು, ಆದರೆ ಸೆಲೆಕ್ಟ್ ಒಳಗಿನ ಆ ಮ್ಯೂಟೆಕ್ಸಿಗೆ ಚಾಲೂ ಆಗಿರಲಿಲ್ಲ. ಜೆಟ್ ಪ್ರೊಪಲ್ಷನ್ ಲ್ಯಾಬಿನ ಎಂಜಿನಿಯರುಗಳು ನೌಕೆಯಲ್ಲಿದ್ದಂಥದೇ ವ್ಯವಸ್ಥೆಯನ್ನು ಭೂಮಿಯ ಮೇಲೆ ಓಡಿಸಿ, ರಿಸೆಟ್ ಮರುಕಳಿಸುವಂತೆ ಮಾಡಿ, ಕಾರಣ ಹಿಡಿದು, ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ಅಲ್ಲಿಗೆ ರಿಸೆಟ್ ನಿಂತಿತು.

ಈ ಕಥೆಯನ್ನು ಎಲ್ಲರೂ ಪ್ರಾಧಾನ್ಯದ ಪಾಠವಾಗಿ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಇನ್ನೊಂದು ಸಂಗತಿ. ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲೂ ಆ ರಿಸೆಟ್ ಕಾಣಿಸಿಕೊಂಡಿತ್ತು. ಅವರು ಹುಡುಕಿದ್ದರು, ಆದರೆ ಮತ್ತೆ ಬರಿಸಲು ಆಗಿರಲಿಲ್ಲ. ಅವರೇನು ಉಡಾಫೆಯ ಜನರಲ್ಲ, ಇಳಿಯುವ ಹೊತ್ತಿನ ಸಾಫ್ಟ್‌ವೇರಿನ ಮೇಲೆ ಅವರ ಗಮನವೆಲ್ಲ ಇರಲೇಬೇಕಿತ್ತು. ಅಂಥವರ ಕಣ್ಣಿಗೇ ಒಮ್ಮೆ ಕಂಡು ಮರೆಯಾಗುವ ತಪ್ಪು ಇದು. ಆದ್ದರಿಂದ ನಿನ್ನ ಕ್ಯೂ ಒಂದೇ ಒಂದು ಸಲ ವಿಚಿತ್ರವಾಗಿ ನಡೆದುಕೊಂಡರೂ, ಮರುದಿನ ಸರಿಹೋದರೂ, ಅದನ್ನು ಬರೆದಿಟ್ಟುಕೋ. ತನ್ನಷ್ಟಕ್ಕೆ ತಾನೇ ಸರಿಹೋದ ಥ್ರೆಡ್ ತಪ್ಪು ಎಂಬುದು ಇಲ್ಲವೇ ಇಲ್ಲ. ನಿನ್ನದೂ ರಿಯಲ್ ಟೈಮ್ ಪ್ರಾಧಾನ್ಯ ಬಳಸುವ ಯಂತ್ರವಾದರೆ, ಪಿಥ್ರೆಡ್ ಮ್ಯೂಟೆಕ್ಸಿನ ಗುಣಗಳಲ್ಲಿ ಪ್ರಾಧಾನ್ಯ ದಾಟಿಸುವ ಆಯ್ಕೆ ಇದೆ, ಕೇಳಿದರೆ ಮಾತ್ರ ಸಿಗುತ್ತದೆ. ಕೇಳು.

ಈಗ ನಿನ್ನ ಕೆಲಸಕ್ಕೆ ಬರೋಣ.

ಕೋಡ್ ಬರೆಯುವ ಮೊದಲು ಕಾಗದ ತೆಗೆದುಕೊಂಡು, ಲಾಕ್ ಯಾರ ಕೈಯಲ್ಲೂ ಇಲ್ಲದಾಗ ಯಾವ ಮಾತು ಸದಾ ನಿಜವಾಗಿರಬೇಕು ಎಂದು ಬರೆ. ನಿನ್ನ ಕ್ಯೂ ಒಂದು ರಿಂಗ್ ಬಫರ್ ಆದರೆ ಅದು ಹೀಗಿರುತ್ತದೆ: ಎಣಿಕೆ ಸೊನ್ನೆಯಿಂದ ಗಾತ್ರದವರೆಗೆ ಎಲ್ಲೋ ಇರುತ್ತದೆ. ತಲೆಯ ಸೂಚಿಯಿಂದ ಶುರುಮಾಡಿ ಎಣಿಕೆಯಷ್ಟು ಜಾಗಗಳಲ್ಲಿ ಇನ್ನೂ ಯಾರೂ ಒಯ್ಯದ ಸಂದೇಶಗಳಿವೆ. ಅವು ಬಂದ ಕ್ರಮದಲ್ಲೇ ಇವೆ. ಉಳಿದ ಜಾಗಗಳಿಗೆ ಅರ್ಥವಿಲ್ಲ. ಇಷ್ಟೇ. ಈ ಮಾತುಗಳನ್ನು ಸ್ಟ್ರಕ್ಚರಿನ ಮೇಲೆ ಕಮೆಂಟಾಗಿ ಹಾಕು. ಲಾಕ್ ಹಿಡಿದವನು ಒಳಗೆ ಇದನ್ನು ಮುರಿಯಬಹುದು, ಬಿಡುವ ಮುನ್ನ ಮತ್ತೆ ನಿಜ ಮಾಡಿಡಬೇಕು. ನಿನ್ನ ಪ್ರತಿಯೊಂದು ಫಂಕ್ಷನ್ನನ್ನೂ ಈ ಒಂದು ಕಣ್ಣಿನಿಂದ ಓದಿದರೆ ಅರ್ಧ ತಪ್ಪುಗಳು ಬರೆಯುವಾಗಲೇ ಸಿಕ್ಕಿಬೀಳುತ್ತವೆ. ಮುಖ್ಯವಾಗಿ, ಲಾಕ್ ಕಾಯುವುದು ಈ ಮಾಹಿತಿಯನ್ನು, ಕೋಡಿನ ಸಾಲುಗಳನ್ನಲ್ಲ. ಹಾಕುವ ಫಂಕ್ಷನ್ನಿಗೂ ತೆಗೆಯುವ ಫಂಕ್ಷನ್ನಿಗೂ ಲಾಕ್ ಹಚ್ಚಿ, ಎಷ್ಟು ಸಂದೇಶ ಇವೆ ಎಂದು ಹೇಳುವ ಫಂಕ್ಷನ್ನಿಗೆ ಮಾತ್ರ, ಬರೀ ಓದುವುದಲ್ಲವೇ ಎಂದು ಬಿಟ್ಟುಬಿಡುವವರನ್ನು ನೋಡಿದ್ದೇನೆ. 2011ರ ಸಿ ಮಾನಕದ ಪ್ರಕಾರ ಒಬ್ಬ ಬರೆಯುತ್ತಿರುವಾಗ ಇನ್ನೊಬ್ಬ ಲಾಕ್ ಇಲ್ಲದೆ ಓದಿದರೂ ಪ್ರೋಗ್ರಾಮಿನ ನಡವಳಿಕೆಗೆ ಯಾವ ಭರವಸೆಯೂ ಇಲ್ಲ. ವೊಲಟೈಲ್ ಎಂದು ಸೇರಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಆ ಪದ ಕಂಪೈಲರಿಗೆ ಹೇಳುವುದು ಪ್ರತಿ ಸಲವೂ ಮೆಮೊರಿಯಿಂದಲೇ ಓದು ಎಂದು. ಮಧ್ಯೆ ಇನ್ನೊಂದು ಥ್ರೆಡ್ ನುಗ್ಗದಂತೆ ಅದು ತಡೆಯುವುದಿಲ್ಲ, ಎರಡು ಥ್ರೆಡ್‌ಗಳ ನಡುವೆ ಯಾವ ಬರಹ ಮೊದಲು ಕಾಣಬೇಕು ಎಂಬುದನ್ನೂ ಕಟ್ಟಿಹಾಕುವುದಿಲ್ಲ.

ಕಾಯುವ ವಿಷಯ ಇದಕ್ಕಿಂತ ಸೂಕ್ಷ್ಮ, ಇಲ್ಲಿ ನಿಧಾನವಾಗಿ ಓದು.

ಕ್ಯೂ ಖಾಲಿ ಇದ್ದಾಗ ತೆಗೆಯಲು ಬಂದವನು ಏನು ಮಾಡಬೇಕು? ಮತ್ತೆ ಮತ್ತೆ ನೋಡುತ್ತಾ ಸುತ್ತುತ್ತಿದ್ದರೆ ಒಂದು ಕೋರ್ ಪೂರ್ತಿ ವ್ಯರ್ಥ. ನಡುವೆ ಹತ್ತು ಮಿಲಿಸೆಕೆಂಡ್ ನಿದ್ದೆ ಹಾಕಿದರೆ ಪ್ರತಿ ಸಂದೇಶವೂ ಅಷ್ಟು ತಡವಾಗಬಹುದು. ಅದಕ್ಕೇ ಕಂಡಿಷನ್ ವೇರಿಯಬಲ್ ಇರುವುದು. ಅದರ ವೇಟ್ ಫಂಕ್ಷನ್ ಎರಡು ಕೆಲಸಗಳನ್ನು ಸಂದಿಯೇ ಇಲ್ಲದಂತೆ ಒಟ್ಟಿಗೆ ಮಾಡುತ್ತದೆ: ಲಾಕ್ ಬಿಡುವುದು, ಮಲಗುವುದು. ಎದ್ದ ಮೇಲೆ ಮತ್ತೆ ಲಾಕ್ ಹಿಡಿದೇ ಹಿಂದಿರುಗುತ್ತದೆ. ಆ ಎರಡು ಕೆಲಸಗಳ ನಡುವೆ ಸಂದಿ ಇದ್ದಿದ್ದರೆ ಏನಾಗುತ್ತಿತ್ತು ಯೋಚಿಸು. ಖಾಲಿ ಎಂದು ನೋಡಿ, ಲಾಕ್ ಬಿಟ್ಟು, ಇನ್ನೇನು ಮಲಗಬೇಕು ಎನ್ನುವಷ್ಟರಲ್ಲಿ ಇನ್ನೊಬ್ಬ ಸಂದೇಶ ಹಾಕಿ ಸಿಗ್ನಲ್ ಕೊಡುತ್ತಾನೆ. ಮಲಗಿದವರು ಯಾರೂ ಇಲ್ಲ, ಸಿಗ್ನಲ್ ಗಾಳಿಗೆ ಹೋಯಿತು. ಆಮೇಲೆ ಇವನು ಮಲಗುತ್ತಾನೆ, ಸಂದೇಶ ಪಕ್ಕದಲ್ಲೇ ಇದ್ದರೂ ಏಳುವುದಿಲ್ಲ. ಸೆಮಫೋರಿಗೆ ನೆನಪಿದೆ, ಯಾರೂ ಕಾಯದಿದ್ದಾಗ ಕೊಟ್ಟ ಸೂಚನೆಯನ್ನೂ ಅದು ಎಣಿಸಿ ಇಟ್ಟುಕೊಳ್ಳುತ್ತದೆ. ಕಂಡಿಷನ್ ವೇರಿಯಬಲ್ಲಿಗೆ ನೆನಪೇ ಇಲ್ಲ. ಹಾಗಾಗಿ ನೆನಪಿಡಬೇಕಾದದ್ದೆಲ್ಲ ಲಾಕಿನ ಕಾವಲಿರುವ ನಿನ್ನ ಎಣಿಕೆಯಲ್ಲೇ ಇರಬೇಕು, ಪರೀಕ್ಷಿಸುವುದೂ ಬದಲಿಸುವುದೂ ಆ ಲಾಕಿನೊಳಗೇ ಆಗಬೇಕು.

ಎದ್ದ ಮೇಲೆ ಮತ್ತೊಮ್ಮೆ ನೋಡಬೇಕು. ಇಫ್ ಅಲ್ಲ, ವೈಲ್. ಎಲ್ಲ ಪುಸ್ತಕಗಳೂ ಇದನ್ನು ಹೇಳುತ್ತವೆ, ಯಾಕೆ ಎಂದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕಾರಣವಿಲ್ಲದೆಯೂ ಎಚ್ಚರವಾಗಬಹುದು ಎಂದು ಪೋಸಿಕ್ಸ್ ಮಾನಕ ಹೇಳುತ್ತದೆ ಎಂಬ ಅರ್ಧ ಉತ್ತರಕ್ಕೇ ನಿಲ್ಲುತ್ತಾರೆ. ಇನ್ನರ್ಧವೇ ದೊಡ್ಡದು. 1974ರಲ್ಲಿ ಟೋನಿ ಹೋರ್ ಮಾನಿಟರ್ ಎಂಬ ವ್ಯವಸ್ಥೆಯನ್ನು ವಿವರಿಸಿದಾಗ, ಸಿಗ್ನಲ್ ಸಿಕ್ಕವನು ಆ ಕ್ಷಣವೇ ಒಳಗೆ ಬರುತ್ತಾನೆ, ನಡುವೆ ಬೇರೆ ಯಾರೂ ನುಗ್ಗುವಂತಿಲ್ಲ ಎಂಬ ನಿಯಮವಿತ್ತು. ಅಲ್ಲಿ ಇಫ್ ಸಾಕಿತ್ತು. ಝೆರಾಕ್ಸ್ ಕಂಪನಿಯಲ್ಲಿ ಮೆಸಾ ಭಾಷೆ ಕಟ್ಟಿದವರು ಅದನ್ನು ಸಡಿಲಿಸಿದರು. ಬಟ್ಲರ್ ಲ್ಯಾಂಪ್ಸನ್ ಮತ್ತು ಡೇವಿಡ್ ರೆಡೆಲ್ 1980ರ ತಮ್ಮ ಪ್ರಬಂಧದಲ್ಲಿ ಬರೆದಂತೆ, ಅವರ ವ್ಯವಸ್ಥೆಯಲ್ಲಿ ಎಚ್ಚರಿಸುವುದು ಒಂದು ಸುಳಿವು ಮಾತ್ರ, ಭರವಸೆ ಅಲ್ಲ. ಎದ್ದವನು ಲಾಕಿಗಾಗಿ ಎಲ್ಲರ ಜೊತೆ ಪೈಪೋಟಿ ಮಾಡಬೇಕು. ನೀನು ಬಳಸುವ ಪಿಥ್ರೆಡ್ ಈ ಎರಡನೆಯ ದಾರಿಯದು.

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ದೋಸೆ ಹೋಟೆಲಿನ ಬಾಗಿಲಲ್ಲಿ ನಿಂತಿರುತ್ತೇವಲ್ಲ, ಒಳಗಿಂದ ಒಬ್ಬರು ಜಾಗ ಆಯ್ತು ಬನ್ನಿ ಎಂದು ಕರೆಯುತ್ತಾರೆ. ನಾವು ಮೇಜಿನ ಹತ್ತಿರ ಹೋಗುವಷ್ಟರಲ್ಲಿ ಇನ್ನೊಂದು ಬಾಗಿಲಿನಿಂದ ಬಂದವರು ಕೂತುಬಿಟ್ಟಿರುತ್ತಾರೆ. ಕರೆದವರದು ಸುಳ್ಳಲ್ಲ, ಕರೆದಾಗ ಜಾಗ ಇತ್ತು. ಆದರೂ ಕುರ್ಚಿ ನೋಡದೆ ಕೂರುವವರಿಲ್ಲ.

ನಿನ್ನ ಕ್ಯೂನಲ್ಲಿ ಇದು ಹೀಗೆ ನಡೆಯುತ್ತದೆ. ಮೊದಲನೆಯ ಗ್ರಾಹಕ ಥ್ರೆಡ್ ಮಲಗಿದೆ. ಉತ್ಪಾದಕ ಒಂದು ಸಂದೇಶ ಹಾಕಿ ಸಿಗ್ನಲ್ ಕೊಟ್ಟು ಲಾಕ್ ಬಿಡುತ್ತದೆ. ಮೊದಲನೆಯದು ಎದ್ದು ಲಾಕ್ ಹಿಡಿಯುವ ಮುನ್ನವೇ, ಮಲಗಿರದ ಎರಡನೆಯ ಗ್ರಾಹಕ ಬಂದು ಲಾಕ್ ಹಿಡಿದು ಸಂದೇಶ ಒಯ್ಯುತ್ತದೆ. ಆಮೇಲೆ ಮೊದಲನೆಯದು ಇಫ್ ದಾಟಿ ಖಾಲಿ ಕ್ಯೂನಿಂದ ತೆಗೆಯುತ್ತದೆ. ಎಣಿಕೆ ಸೊನ್ನೆಯಿಂದ ಒಂದು ಕಳೆಯಿತು. ಅದು ಚಿಹ್ನೆಯಿಲ್ಲದ 64 ಬಿಟ್ ಸಂಖ್ಯೆ ಆಗಿದ್ದರೆ ಈಗ ಅದರ ಬೆಲೆ 18446744073709551615. ಈ ಕ್ಯೂ ಇನ್ನು ಮುಂದೆ ಯಾರು ಕೇಳಿದರೂ ಹಳೆಯ ಪಾಯಿಂಟರುಗಳನ್ನು ಸಂಕೋಚವಿಲ್ಲದೆ ಹಂಚುತ್ತಾ ಹೋಗುತ್ತದೆ.

ಖಾಲಿ ಇಲ್ಲ ಎಂಬುದಕ್ಕೊಂದು, ತುಂಬಿಲ್ಲ ಎಂಬುದಕ್ಕೊಂದು, ಎರಡು ಕಂಡಿಷನ್ ವೇರಿಯಬಲ್ ಇಡು. ಒಂದರಲ್ಲೇ ನಡೆಸುತ್ತೇನೆ ಎಂದು ಹಟ ಮಾಡಬೇಡ. ಒಂದೇ ಜಾಗದ ಕ್ಯೂ, ಇಬ್ಬರು ಉತ್ಪಾದಕರು, ಇಬ್ಬರು ಗ್ರಾಹಕರು, ಒಂದೇ ಕಂಡಿಷನ್ ವೇರಿಯಬಲ್ ಎಂದುಕೊಂಡು ಕಾಗದದ ಮೇಲೆ ಆಡಿ ನೋಡು. ಗ್ರಾಹಕರಿಬ್ಬರೂ ಮಲಗಿದ್ದಾರೆ. ಉತ್ಪಾದಕ ಹಾಕಿ ಸಿಗ್ನಲ್ ಕೊಟ್ಟ, ಒಬ್ಬ ಗ್ರಾಹಕನಿಗೆ ಎಚ್ಚರವಾಯಿತು. ಅವನು ಲಾಕ್ ಹಿಡಿಯುವ ಮುನ್ನ ಉತ್ಪಾದಕರಿಬ್ಬರೂ ಮತ್ತೆ ಬಂದು, ತುಂಬಿದೆ ಎಂದು ಮಲಗಿದರು. ಎದ್ದ ಗ್ರಾಹಕ ಸಂದೇಶ ತೆಗೆದು ಸಿಗ್ನಲ್ ಕೊಟ್ಟ. ಅದು ಹೋಗಿ ಮುಟ್ಟಿದ್ದು ಇನ್ನೊಬ್ಬ ಗ್ರಾಹಕನನ್ನು. ಅವನು ಎದ್ದ, ಖಾಲಿ ಎಂದು ನೋಡಿದ, ಮತ್ತೆ ಮಲಗಿದ. ಮೊದಲನೆಯವನೂ ಇನ್ನೊಂದು ಸುತ್ತು ಬಂದು ಖಾಲಿ ಎಂದು ಮಲಗಿದ. ಈಗ ನಾಲ್ವರೂ ನಿದ್ದೆಯಲ್ಲಿ, ಎಬ್ಬಿಸುವವರು ಯಾರೂ ಇಲ್ಲ. ಪ್ರತಿ ಸಲ ಬ್ರಾಡ್‌ಕಾಸ್ಟ್ ಮಾಡಿ ಎಲ್ಲರನ್ನೂ ಎಬ್ಬಿಸಿದರೆ ಇದು ತಪ್ಪುತ್ತದೆ, ಆದರೆ ಒಂದು ಸಂದೇಶಕ್ಕೆ ನಲವತ್ತು ಥ್ರೆಡ್ ಎದ್ದು ಮೂವತ್ತೊಂಬತ್ತು ಮತ್ತೆ ಮಲಗುವ ದಂಡ ತೆರಬೇಕು.

ಇನ್ನೊಂದು ಜಾಣತನದಿಂದಲೂ ದೂರ ಇರು. ಖಾಲಿ ಇದ್ದ ಕ್ಯೂಗೆ ಮೊದಲ ಸಂದೇಶ ಬಂದಾಗ ಮಾತ್ರ ಸಿಗ್ನಲ್ ಕೊಟ್ಟರೆ ಸಾಕಲ್ಲವೇ ಎಂದು ಅನಿಸುತ್ತದೆ. ಇಬ್ಬರು ಗ್ರಾಹಕರು ಮಲಗಿರುವಾಗ ಬೆನ್ನುಬೆನ್ನಿಗೆ ಎರಡು ಸಂದೇಶ ಬಂದರೆ, ಎರಡನೆಯದಕ್ಕೆ ಸಿಗ್ನಲ್ ಹೋಗುವುದೇ ಇಲ್ಲ. ಪ್ರತಿ ಸಂದೇಶಕ್ಕೂ ಒಂದು ಸಿಗ್ನಲ್ ಕೊಡು. ಮಲಗಿದವರಿಲ್ಲದಾಗ ಅದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ.

ಕ್ಯೂಗೆ ಮಿತಿ ಇರಲೇಬೇಕು. ಮಿತಿಯಿಲ್ಲದ ಕ್ಯೂ ಬರೆಯಲು ಸುಲಭ, ತುಂಬಿದಾಗ ಏನು ಮಾಡಬೇಕು ಎಂಬ ಪ್ರಶ್ನೆಯೇ ಬರುವುದಿಲ್ಲ. ಆದರೆ ಗ್ರಾಹಕ ಥ್ರೆಡ್ ಸ್ವಲ್ಪ ನಿಧಾನವಾದ ದಿನ ಸಂದೇಶಗಳು ಮೆಮೊರಿಯಲ್ಲಿ ಪೇರುತ್ತಾ ಹೋಗಿ, ಕೊನೆಗೆ ಇಡೀ ಪ್ರಕ್ರಿಯೆಯನ್ನೇ ಆಪರೇಟಿಂಗ್ ಸಿಸ್ಟಂ ಕೊಂದುಹಾಕುತ್ತದೆ. ಮಿತಿಯುಳ್ಳ ಬಫರಿನ ಈ ಸಮಸ್ಯೆಯನ್ನು ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಷ್ಟು ಹಿಂದೆಯೇ, ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾಗ, ಸೆಮಫೋರುಗಳಿಂದ ಬಿಡಿಸಿ ತೋರಿಸಿದ್ದರು. ತುಂಬಿದಾಗ ಹಾಕುವವನು ಕಾಯಬೇಕೇ, ಆಗುವುದಿಲ್ಲ ಎಂದು ಹಿಂದಿರುಗಬೇಕೇ, ಅತಿ ಹಳೆಯ ಸಂದೇಶವನ್ನು ಬಿಸಾಡಿ ಹೊಸದಕ್ಕೆ ಜಾಗ ಮಾಡಬೇಕೇ? ಇದನ್ನು ನೀನೊಬ್ಬಳೇ ಕೂತು ತೀರ್ಮಾನಿಸುವಂತಿಲ್ಲ. ಸೆನ್ಸರಿನ ತಾಪಮಾನವಾದರೆ ಹಳೆಯದು ಹೋದರೂ ನಷ್ಟವಿಲ್ಲ. ಹಣ ವರ್ಗಾವಣೆಯ ಸಂದೇಶವಾದರೆ ಒಂದೂ ಹೋಗುವಂತಿಲ್ಲ. ಬಳಸುವವರ ಹತ್ತಿರ ಹೋಗಿ ಕೇಳು. ಅವರು ಉತ್ತರ ಕೊಡಲು ತಡವರಿಸಿದರೆ, ಅವರ ವಿನ್ಯಾಸದಲ್ಲೇ ಒಂದು ಪ್ರಶ್ನೆ ಬಾಕಿ ಇದೆ ಎಂದು ಅರ್ಥ. ಅದನ್ನು ಈಗಲೇ ಹೊರಗೆ ತರುವುದು ಅವರಿಗೂ ಒಳ್ಳೆಯದು.

ಸಿ ಭಾಷೆಯಲ್ಲಿ ಪಾಯಿಂಟರಿನ ಒಡೆತನ ಯಾರದು ಎಂದು ಕೇಳುವವರು ಯಾರೂ ಇಲ್ಲ, ನೀನೇ ಕೇಳಿಕೊಳ್ಳಬೇಕು. ನಿಯಮವನ್ನು ಹೆಡರ್ ಫೈಲಿನಲ್ಲೇ ಬರೆ: ಹಾಕುವ ಫಂಕ್ಷನ್ ಯಶಸ್ವಿಯಾದರೆ ಸಂದೇಶ ಇನ್ನು ಕ್ಯೂನದು, ವಿಫಲವಾದರೆ ಕರೆದವರದ್ದೇ. ಯಶಸ್ವಿಯಾಗಿ ಹಾಕಿದ ಮೇಲೆ ಕರೆದವರು ಆ ಪಾಯಿಂಟರನ್ನು ಮುಟ್ಟಬಾರದು, ಓದಲೂ ಬಾರದು. ಸಂದೇಶ ಹಾಕಿ, ಮರುಸಾಲಿನಲ್ಲಿ ಅದರ ಸಂಖ್ಯೆಯನ್ನು ಲಾಗ್‌ಗೆ ಬರೆಯುವ ಕೋಡು ಎಷ್ಟು ನಿರಪರಾಧಿಯಂತೆ ಕಾಣುತ್ತದೆ! ಆ ಎರಡು ಸಾಲುಗಳ ನಡುವೆ ಗ್ರಾಹಕ ಅದನ್ನು ತೆಗೆದು, ಕೆಲಸ ಮುಗಿಸಿ, ಫ್ರೀ ಮಾಡಿಯೂ ಆಗಿರಬಹುದು. ಲಾಗ್ ಮೊದಲು, ಹಾಕುವುದು ಆಮೇಲೆ. ಹಾಗೆಯೇ ಲಾಕ್ ಹಿಡಿದುಕೊಂಡು ಬೇರೆಯವರ ಫಂಕ್ಷನ್ ಕರೆಯಬೇಡ. ಅದು ತಿರುಗಿ ನಿನ್ನ ಕ್ಯೂಗೇ ಬಂದು ಅದೇ ಲಾಕ್ ಕೇಳಿದರೆ ಅಲ್ಲೇ ಡೆಡ್‌ಲಾಕ್.

ಇನ್ನು ಮುಚ್ಚುವ ವಿಷಯ. ಬೇರೆಯವರು ಬರೆದ ಕ್ಯೂ ಕೈಗೆ ಬಂದರೆ ನಾನು ಮೊದಲು ಓದುವುದು ಇದನ್ನೇ. ಹಾಕುವುದು ತೆಗೆಯುವುದು ಎಲ್ಲರೂ ಹೆಚ್ಚುಕಡಿಮೆ ಸರಿಯಾಗಿ ಬರೆಯುತ್ತಾರೆ. ಪ್ರೋಗ್ರಾಂ ನಿಲ್ಲಿಸು ಎಂದಾಗ ಮಲಗಿರುವ ಥ್ರೆಡ್‌ಗಳ ಗತಿ ಏನು ಎಂದು ಯೋಚಿಸಿರುವವರು ಕಡಿಮೆ. ಬಹಳ ಕಡೆ ಉತ್ತರವೇ ಇರುವುದಿಲ್ಲ. ನಿಲ್ಲಿಸಲು ಹೋದರೆ ಪ್ರೋಗ್ರಾಂ ನೇತಾಡುತ್ತದೆ, ಕೊನೆಗೆ ಯಾರೋ ಕಿಲ್ ಮಾಡುತ್ತಾರೆ, ಕ್ಯೂನಲ್ಲಿದ್ದ ಸಂದೇಶಗಳು ಅದರ ಜೊತೆಗೇ ಹೋಗುತ್ತವೆ. ಕೆಲವರು ಪಿಥ್ರೆಡ್ ಕ್ಯಾನ್ಸಲ್ ಬಳಸುತ್ತಾರೆ. ವೇಟ್ ಒಳಗೆ ಮಲಗಿರುವ ಥ್ರೆಡ್ಡನ್ನು ಹಾಗೆ ರದ್ದು ಮಾಡಿದರೆ, ಅದು ಸಾಯುವ ಮುನ್ನ ಲಾಕನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಬಿಡಿಸುವ ಕೋಡನ್ನು ನೀನು ಮೊದಲೇ ನೋಂದಾಯಿಸಿರದಿದ್ದರೆ ಆ ಲಾಕ್ ಶಾಶ್ವತವಾಗಿ ಸತ್ತವನ ಕೈಯಲ್ಲೇ ಉಳಿಯುತ್ತದೆ.

ನೀನು ಹೀಗೆ ಮಾಡು. ಸ್ಟ್ರಕ್ಚರಿನಲ್ಲಿ ಮುಚ್ಚಿದೆ ಎಂಬ ಒಂದು ಗುರುತು ಇರಲಿ, ಅದೂ ಅದೇ ಲಾಕಿನ ಕಾವಲಿನಲ್ಲಿ. ಮುಚ್ಚುವ ಫಂಕ್ಷನ್ ಲಾಕ್ ಹಿಡಿದು ಗುರುತು ಹಾಕಿ, ಎರಡೂ ಕಂಡಿಷನ್ ವೇರಿಯಬಲ್‌ಗಳಿಗೆ ಬ್ರಾಡ್‌ಕಾಸ್ಟ್ ಮಾಡಲಿ. ಇಲ್ಲಿ ಎಲ್ಲರನ್ನೂ ಎಬ್ಬಿಸಲೇಬೇಕು. ಕಾಯುವ ವೈಲ್‌ನ ಷರತ್ತಿನಲ್ಲಿ ಈ ಗುರುತೂ ಸೇರಿರಲಿ: ಖಾಲಿ ಇರುವ ತನಕ ಮತ್ತು ಮುಚ್ಚಿಲ್ಲದ ತನಕ ಕಾಯು. ಮುಚ್ಚಿದ ಮೇಲೆ ಹಾಕಲು ಬಂದವನಿಗೆ ವಿಫಲ ಎಂದು ಹೇಳು. ತೆಗೆಯಲು ಬಂದವನಿಗೆ, ಉಳಿದ ಸಂದೇಶ ಇರುವ ತನಕ ಕೊಡುತ್ತಿರು, ಖಾಲಿಯಾದ ಮೇಲೆ ಮುಗಿಯಿತು ಎಂದು ಹೇಳು. ಈ ಎರಡರ ನಡುವಿನ ವ್ಯತ್ಯಾಸ ಮುಖ್ಯ. ಮುಚ್ಚಿದೊಡನೆ ತೆಗೆಯುವುದನ್ನೂ ನಿಲ್ಲಿಸಿದರೆ, ಯಶಸ್ವಿಯಾಗಿ ಹಾಕಿದ್ದೇನೆ ಎಂದು ನಂಬಿದವನ ಸಂದೇಶ ಕಳೆದುಹೋಗುತ್ತದೆ.

ಮುಚ್ಚುವುದು ಬೇರೆ, ನಾಶ ಮಾಡುವುದು ಬೇರೆ. ಒಂದೇ ಫಂಕ್ಷನ್ನಿನಲ್ಲಿ ಎರಡನ್ನೂ ಸೇರಿಸಬೇಡ. ಮುಚ್ಚಿದ ಮೇಲೆ ಎಲ್ಲ ಥ್ರೆಡ್‌ಗಳನ್ನೂ ಜಾಯಿನ್ ಮಾಡಿ, ಅವು ನಿಜವಾಗಿಯೂ ಮುಗಿದಿವೆ ಎಂದು ಖಾತ್ರಿಯಾದ ಮೇಲೆ ಮಾತ್ರ ಮ್ಯೂಟೆಕ್ಸನ್ನೂ ಕಂಡಿಷನ್ ವೇರಿಯಬಲ್‌ಗಳನ್ನೂ ನಾಶ ಮಾಡಿ ಮೆಮೊರಿ ಫ್ರೀ ಮಾಡು. ಯಾರೋ ಹಿಡಿದಿರುವ ಮ್ಯೂಟೆಕ್ಸನ್ನು, ಯಾರೋ ಮಲಗಿರುವ ಕಂಡಿಷನ್ ವೇರಿಯಬಲ್ಲನ್ನು ನಾಶ ಮಾಡಿದರೆ ಏನಾಗುತ್ತದೆ ಎಂದು ಪೋಸಿಕ್ಸ್ ಹೇಳುವುದೇ ಇಲ್ಲ. ಏನು ಬೇಕಾದರೂ ಆಗಬಹುದು.

ಗಡುವಿಟ್ಟು ಕಾಯುವ ಫಂಕ್ಷನ್ ಬೇಕಾದರೆ ಎರಡು ಮಾತು. ಅದು ಕೇಳುವುದು ಎಷ್ಟು ಹೊತ್ತು ಎಂದಲ್ಲ, ಯಾವ ಗಳಿಗೆಯ ತನಕ ಎಂದು. ಆ ಗಳಿಗೆಯನ್ನು ವೈಲ್‌ಗೆ ಮುಂಚೆ ಒಮ್ಮೆ ಲೆಕ್ಕ ಹಾಕು. ಒಳಗೆ ಹಾಕಿದರೆ ಪ್ರತಿ ಎಚ್ಚರಕ್ಕೂ ಗಡುವು ಮುಂದಕ್ಕೆ ಹೋಗುತ್ತದೆ. ಮತ್ತು ಯಾರಾದರೂ ಗಡಿಯಾರ ತಿದ್ದಿದರೆ ಕೆಡದ ಮೊನೊಟೊನಿಕ್ ಗಡಿಯಾರವನ್ನು ಆರಂಭದಲ್ಲೇ ಆರಿಸಿಕೋ, ತಾನಾಗಿ ಸಿಗುವುದು ಅದಲ್ಲ. ಪಿಥ್ರೆಡ್ ಫಂಕ್ಷನ್‌ಗಳು ದೋಷದ ಸಂಖ್ಯೆಯನ್ನು ಹಿಂದಿರುಗಿಸುತ್ತವೆ, ಎರ್ರ್‌ನೋದಲ್ಲಿ ಇಡುವುದಿಲ್ಲ. ಇದನ್ನು ಮರೆತು ಎರ್ರ್‌ನೋ ನೋಡಿದರೆ ಸಂಬಂಧವೇ ಇಲ್ಲದ ದೋಷದ ಬೆನ್ನು ಹತ್ತುತ್ತೀಯ. ಸಿಗ್ನಲ್ ಹ್ಯಾಂಡ್ಲರಿನೊಳಗಿಂದ ಈ ಕ್ಯೂಗೆ ಹಾಕಲು ಬಿಡಬೇಡ, ಅಲ್ಲಿ ಮ್ಯೂಟೆಕ್ಸ್ ಹಿಡಿಯುವಂತಿಲ್ಲ.

ಯಾರಾದರೂ ಬಂದು, ಲಾಕ್ ನಿಧಾನ, ಲಾಕ್ ಇಲ್ಲದ ಕ್ಯೂ ಬರೆಯೋಣ ಎನ್ನುತ್ತಾರೆ. ಮ್ಯಾಗೆಡ್ ಮೈಕೆಲ್ ಮತ್ತು ಮೈಕೆಲ್ ಸ್ಕಾಟ್ 1996ರಲ್ಲಿ ಪ್ರಕಟಿಸಿದ ಅಂಥ ಕ್ಯೂ ಪ್ರಸಿದ್ಧವಾದದ್ದು. ಅವರ ಪ್ರಬಂಧವನ್ನು ಓದು, ಖಂಡಿತ ಓದು. ಆದರೆ ಅದನ್ನು ಸಿ ಭಾಷೆಗೆ ತರುವಾಗ, ತೆಗೆದ ನೋಡನ್ನು ಇನ್ನೊಬ್ಬ ಇನ್ನೂ ನೋಡುತ್ತಿರಬಹುದಾದ್ದರಿಂದ ಯಾವಾಗ ಫ್ರೀ ಮಾಡಬೇಕು ಎಂಬ ಪ್ರಶ್ನೆಯೇ ಕ್ಯೂಗಿಂತ ದೊಡ್ಡದಾಗುತ್ತದೆ. ಲಿನಕ್ಸಿನಲ್ಲಿ ಮ್ಯೂಟೆಕ್ಸ್ ಬಿಡುವಾಗಿದ್ದರೆ ಅದನ್ನು ಹಿಡಿಯಲು ಕರ್ನಲ್ಲಿನ ತನಕ ಹೋಗಬೇಕಾಗಿಯೇ ಇಲ್ಲ, ಒಂದು ಅಟಾಮಿಕ್ ಸೂಚನೆಯಲ್ಲಿ ಮುಗಿಯುತ್ತದೆ. 2003ರ ಕೊನೆಗೆ ಬಂದ 2.6 ಕರ್ನಲ್ಲಿನ ಕಾಲದಿಂದ ಫ್ಯುಟೆಕ್ಸ್ ಎಂಬ ಸೌಲಭ್ಯ ಇದನ್ನು ಸಾಧ್ಯಮಾಡಿದೆ. ಮೊದಲು ಅಳೆ. ನಿಜವಾಗಿಯೂ ಲಾಕಿಗೇ ನೂಕುನುಗ್ಗಲು ಎಂದು ಕಂಡರೆ, ಗ್ರಾಹಕ ಒಂದೊಂದೇ ಸಂದೇಶ ತೆಗೆಯುವ ಬದಲು ಒಮ್ಮೆ ಲಾಕ್ ಹಿಡಿದು ಇದ್ದಷ್ಟನ್ನೂ ಒಯ್ಯಲಿ. ಬಹಳ ಸಲ ಅಷ್ಟರಲ್ಲೇ ಕಷ್ಟ ತೀರುತ್ತದೆ. ಒಬ್ಬನೇ ಹಾಕುವವನು, ಒಬ್ಬನೇ ತೆಗೆಯುವವನು ಎಂದು ಖಚಿತವಾಗಿದ್ದರೆ ಅಟಾಮಿಕ್ ಸೂಚಿಗಳ ರಿಂಗ್ ಬಫರ್ ಬರೆಯಬಹುದು. ಅದು ಕಲಿಯಲು ಯೋಗ್ಯವಾದ ವಿದ್ಯೆ, ಮುಂದಿನ ವರ್ಷಕ್ಕೆ.

ಪರೀಕ್ಷೆಯನ್ನು ಬಿಡು ಎಂದು ನಾನು ಹೇಳುತ್ತಿಲ್ಲ. ತಪ್ಪು ಇಲ್ಲ ಎಂದು ಅದು ಹೇಳಲಾರದು, ಇದೆ ಎಂದು ಹೇಳಬಲ್ಲದು. ಅದಕ್ಕೆ ತಪ್ಪು ಹೊರಬರುವಂತೆ ಹಿಂಸಿಸಬೇಕು. ಕ್ಯೂನ ಗಾತ್ರ 1 ಇಡು. ಆಗ ಹೆಚ್ಚುಕಡಿಮೆ ಪ್ರತಿ ಸಂದೇಶಕ್ಕೂ ಯಾರಾದರೂ ಮಲಗಬೇಕು, ಯಾರಾದರೂ ಏಳಬೇಕು. ಸಾವಿರ ಜಾಗದ ಕ್ಯೂನಲ್ಲಿ ಎಂದೋ ಒಮ್ಮೆ ಬರುವ ಸನ್ನಿವೇಶ ಇಲ್ಲಿ ಕ್ಷಣಕ್ಷಣಕ್ಕೂ ಬರುತ್ತದೆ. ಕೋರ್‌ಗಳಿಗಿಂತ ಹೆಚ್ಚು ಥ್ರೆಡ್‌ಗಳನ್ನು ಓಡಿಸು. ಪ್ರತಿ ಉತ್ಪಾದಕನೂ ತನ್ನ ಗುರುತಿನ ಜೊತೆ ಏರುವ ಸಂಖ್ಯೆ ಹಾಕಲಿ. ಪ್ರತಿ ಗ್ರಾಹಕನೂ, ಒಬ್ಬ ಉತ್ಪಾದಕನಿಂದ ತನಗೆ ಬಂದ ಸಂಖ್ಯೆಗಳು ಏರುತ್ತಲೇ ಇವೆಯೇ ಎಂದು ನೋಡಲಿ. ಕೊನೆಗೆ ಹಾಕಿದ್ದೂ ತೆಗೆದದ್ದೂ ಒಂದೊಂದೂ ತಾಳೆಯಾಗಬೇಕು. ಜಿಸಿಸಿ ಮತ್ತು ಕ್ಲಾಂಗ್ ಎರಡರಲ್ಲೂ ಥ್ರೆಡ್ ಸ್ಯಾನಿಟೈಜರ್ ಇದೆ, ಅದನ್ನು ಹಚ್ಚಿ ಕಂಪೈಲ್ ಮಾಡಿ ಓಡಿಸು. ಆಮೇಲೆ ವ್ಯಾಲ್‌ಗ್ರೈಂಡಿನ ಹೆಲ್‌ಗ್ರೈಂಡ್ ಕೂಡ. ಅವು ಏನಾದರೂ ಹೇಳಿದರೆ, ಅದು ಹುಸಿ ಎಚ್ಚರಿಕೆ ಎಂದು ನೀನು ವಾದಿಸಿ ಗೆಲ್ಲುವ ತನಕ ಅದನ್ನು ನಿಜವೆಂದೇ ಹಿಡಿ. ಮಲಗಿರುವ ಥ್ರೆಡ್‌ಗಳು ಇರುವಾಗ, ತುಂಬಿರುವಾಗ, ಖಾಲಿ ಇರುವಾಗ, ಅರ್ಧ ಇರುವಾಗ, ಬೇರೆ ಬೇರೆ ಗಳಿಗೆಯಲ್ಲಿ ಮುಚ್ಚಿ ನೋಡು.

ಬರೆದಾದ ಮೇಲೆ ನಿಮ್ಮ ತಂಡದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಪರದೆ ಆರಿಸಿ, ಈ ಕ್ಯೂ ಯಾಕೆ ಸರಿ ಎಂದು ಬಾಯಲ್ಲಿ ಹೇಳು. ಎಲ್ಲಿ ನಿನ್ನ ಮಾತು ತಡೆಯುತ್ತದೋ ಆ ಫಂಕ್ಷನ್ನಿಗೆ ವಾಪಸ್ ಹೋಗು. ನನಗೆ ಕಳಿಸುವುದಾದರೆ ಮುಚ್ಚುವ ಫಂಕ್ಷನ್ ಮುಗಿದ ಮೇಲೆ ಕಳಿಸು, ಹೆಡರ್ ಫೈಲಿನ ಕಮೆಂಟುಗಳ ಸಮೇತ. ಪೂರ್ತಿ ಓದಿ ಉತ್ತರ ಬರೆಯುತ್ತೇನೆ.

ನಿನ್ನ ದೊಡ್ಡಪ್ಪ